ಮುರುಗೆಪ್ಪ ಕೂಡಿಸಿದ ಒಂದು ತಾಸು

ಸರ್ಕಾರದವರು ಯುದ್ಧಕ್ಕೆಂದು ಜನರ ಗೋಧಿ ತೆಗೆದುಕೊಂಡರು, ಸಕ್ಕರೆ ತೆಗೆದುಕೊಂಡರು, ಸೀಮೆಎಣ್ಣೆ ತೆಗೆದುಕೊಂಡರು. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಆದರೆ ಒಂದು ದಿನ, ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದಕ್ಕೆ ತಿರುಗಿಸಿರಿ ಎಂದು ಹುಕುಂ ಹೊರಡಿಸಿದಾಗ ಪುಣೆಯ ಕಸಬಾ ಪೇಟೆಯಲ್ಲಿ ಕೃಷ್ಣಾಜಿ ಪಂತರ ವಾಡೆಗೆ ವಾಡೆಯೇ ಗದ್ದಲಕ್ಕೆ ಬಿತ್ತು. ಆರಕ್ಕೆ ಏಳುತ್ತಿದ್ದವನು ಇನ್ನು ಏಳಕ್ಕೆ ಏಳಬೇಕೋ ಐದಕ್ಕೆ ಏಳಬೇಕೋ? ರಾಹುಕಾಲ ಸರ್ಕಾರದ ಹುಕುಂ ಪಾಲಿಸುತ್ತದೋ ಇಲ್ಲವೋ? ವಾಡೆಯ ಮಾಲೀಕರಾದ ಪಂತರು, ಸೂರ್ಯ ಸರ್ಕಾರದ ಪಗಾರ ತಿನ್ನುವುದಿಲ್ಲ ಎಂದು ಮರಾಠಿಯಲ್ಲಿ ಗುಡುಗಿ, ಅಂಗಳದ ಕಲ್ಲಿನ ಮೇಲೆ ಒಂದು ಕಡ್ಡಿ ನೆಟ್ಟು, ಅದರ ನೆರಳು ನೋಡಿ ಸ್ನಾನಸಂಧ್ಯೆ ಮಾಡತೊಡಗಿದರು.

ಈ ಗದ್ದಲದಲ್ಲಿ ಭಾಗ್ಯ ತೆರೆದದ್ದು ವಾಡೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಿಡಾರ ಹೂಡಿದ್ದ ಬಾಗಿಲಕೋಟೆಯ ಮುರುಗೆಪ್ಪನಿಗೆ. ಆತ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಕಾರಕೂನ. ವಾರಸುದಾರರು ಬಾರದ ಸಾಮಾನಿನ ಹರಾಜಿನಲ್ಲಿ ಹಿಡಿದ ಒಂದು ಜೇಬುಗಡಿಯಾರ ಆತನ ಕರಿಕೋಟಿನಿಂದ ಸರಪಳಿಸಮೇತ ಇಣುಕುತ್ತಿತ್ತು. ರೈಲ್ವೆಯವನಿಗೆ ತಿಳಿಯದ ವೇಳೆ ಇನ್ನಾರಿಗೆ ತಿಳಿದೀತು ಎಂದು ಜನ ಆತನನ್ನು ಕೇಳಿದರು. ಆಫೀಸಿನಲ್ಲಿ ಇಪ್ಪತ್ತು ವರ್ಷ ಯಾರಿಂದಲೂ ಒಂದು ಪ್ರಶ್ನೆ ಕೇಳಿಸಿಕೊಂಡಿರದ ಮುರುಗೆಪ್ಪ ಎದೆಯುಬ್ಬಿಸಿ ತೀರ್ಪು ಕೊಟ್ಟ: ಪಂಚಾಂಗದಲ್ಲಿರುವುದು ಹಳೆಯ ವೇಳೆ, ಅದಕ್ಕೆ ಒಂದು ತಾಸು ಕೂಡಿಸಿದರೆ ಹೊಸ ವೇಳೆ.

ತೀರ್ಪು ಸರಿಯಾಗಿಯೇ ಇತ್ತು. ತಪ್ಪಾಗಿದ್ದರೆ ಆಗಲೇ ಬೈಸಿಕೊಂಡು ಸುಮ್ಮನಾಗುತ್ತಿದ್ದ, ಮುಂದಿನದೆಲ್ಲ ತಪ್ಪುತ್ತಿತ್ತು. ಎರಡು ವರ್ಷ ಆತ ರಾಹುಕಾಲಕ್ಕೆ ಒಂದು ಕೂಡಿಸಿದ, ನೆರೆಯವರ ಏಕಾದಶಿಯ ಪಾರಣೆಗೆ ಒಂದು ಕೂಡಿಸಿದ, ಮದುವೆ ಮುಂಜಿವೆಗಳಿಗೆ ಒಂದು ಕೂಡಿಸಿದ, ಎಲ್ಲವೂ ನೆಟ್ಟಗಾದವು. ಕೂಡಿಸುವುದು ಕ್ರಮೇಣ ಚಟವಾಯಿತು. ಹೆಂಡತಿ ಗೌರಾಬಾಯಿ ಎಷ್ಟು ರೊಟ್ಟಿ ತಟ್ಟಲಿ ಎಂದು ಕೇಳಿದರೂ, ನೀ ಅಂದುಕೊಂಡದ್ದಕ್ಕೆ ಒಂದು ಕೂಡಿಸು ಎನ್ನುತ್ತಿದ್ದ. ಮಳೆಗಾಲದಲ್ಲಿ ಮೋಡ ಮುಚ್ಚಿ ಅಂಗಳದ ಕಡ್ಡಿಗೆ ನೆರಳಿಲ್ಲದಾದಾಗ ಕೃಷ್ಣಾಜಿ ಪಂತರೇ ಹಿಂದಿನ ಬಾಗಿಲಿಗೆ ಬಂದು, ಯಾರೂ ಕೇಳಿಸಿಕೊಳ್ಳುತ್ತಿಲ್ಲವಷ್ಟೇ ಎಂದು ಆಚೀಚೆ ನೋಡಿ, ಮುರುಗೆಪ್ಪಾ, ಎಷ್ಟಾಯಿತಪ್ಪಾ ಎಂದು ಕೇಳುವಂತಾಯಿತು.

ಮೂರನೆಯ ವರ್ಷದ ಆಷಾಢ ಅಮಾವಾಸ್ಯೆಗೆ ಸೂರ್ಯಗ್ರಹಣ ಬಂತು. ಅದೇ ಹೊತ್ತಿಗೆ ಮಗಳು ಪಾರವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು, ಒಂಬತ್ತು ತುಂಬಿತ್ತು. ಗ್ರಹಣಕ್ಕೆ ಎಂಟು ದಿನ ಮೊದಲು ಗದಗಿನಿಂದ ಪಾರವ್ವನ ಅತ್ತೆ, ಅಂದರೆ ಮುರುಗೆಪ್ಪನ ಬೀಗಿತ್ತಿ ಬಸವಣ್ಣೆವ್ವ, ಕಡಲೆಬೇಳೆಯ ಗಂಟು, ಬೆಲ್ಲದ ಪೆಂಟೆ ಹೊತ್ತು ಹೇಳದೆ ಕೇಳದೆ ಇಳಿದಳು. ಬಂದವಳೇ ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬೀಗರ ಮೇಲೆ ತನಗೆ ನಂಬಿಕೆಯಿದೆ, ಆದರೆ ಎರಡೆರಡು ವೇಳೆ ಇಟ್ಟುಕೊಂಡ ಊರಿನ ಮೇಲೆ ನಂಬಿಕೆಯಿಲ್ಲ ಎಂದು ಸಾರಿದಳು. ತನ್ನ ಅಣ್ಣನ ಹೆಂಡತಿ ಬಸುರಿಯಿದ್ದಾಗ ಗ್ರಹಣ ಹಿಡಿದದ್ದು ತಿಳಿಯದೆ ಬದನೆಕಾಯಿ ಹೆಚ್ಚಿದ್ದಳಂತೆ, ಹುಟ್ಟಿದ ಕೂಸಿನ ಮೇಲ್ದುಟಿ ಸೀಳಿತ್ತಂತೆ. ಆ ಕಥೆಯನ್ನು ದಿನಕ್ಕೆ ಮೂರು ಸಲ ಹೇಳಿದಳು. ಪ್ರತಿ ಸಲ ಪಾರವ್ವ ತನ್ನ ತುಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮುರುಗೆಪ್ಪ ಒಮ್ಮೆ ಧೈರ್ಯ ಮಾಡಿ, ಲಿಂಗ ಕಟ್ಟಿಕೊಂಡವರಿಗೆ ಗ್ರಹಣದ ಸೂತಕ ಇಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ ಎಂದು ಮೆಲ್ಲಗೆ ತೆಗೆದ. ಬಸವಣ್ಣೆವ್ವ ಆತನನ್ನು ಹುರಿದು ತಿನ್ನುವಂತೆ ನೋಡಿದಳು.

"ಅದು ಹಿರ್ಯಾರಿಗೆ, ಬೀಗರ. ಬಸುರಿಗಲ್ಲ. ನೋಡ್ರಿ, ಗ್ರಹಣದಾಗ ಒಂದ ಒಂದು ಹೆಚ್ಚುಕಡಿಮಿ ಆತಂದ್ರ, ಅವತ್ತ ಸಂಜಿ ಗಾಡಿಗೆ ನನ್ನ ಸೊಸಿನ್ನ ಕರಕೊಂಡು ಹೋಗತೀನಿ."

ಸಂಜೆಯ ಹುಬ್ಬಳ್ಳಿ ಗಾಡಿ ಎಂದರೆ ಏನೆಂದು ರೈಲ್ವೆಯ ಮುರುಗೆಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಿಪಾಯಿಗಳು ಕಿಟಕಿಯೊಳಗಿಂದ ಹತ್ತಿಳಿಯುತ್ತಿದ್ದ ಕಾಲ ಅದು. ಒಂದು ಕಾಲೂರಿದವನು ಇನ್ನೊಂದು ಕಾಲನ್ನು ಮೀರಜದಲ್ಲಿ ಊರುತ್ತಿದ್ದ. ಅಂಥದರಲ್ಲಿ ತುಂಬಿದ ಬಸುರಿಯನ್ನು ತಳ್ಳಿದರೆ ಹೆರಿಗೆ ಸಾತಾರೆ ದಾಟುವುದರೊಳಗೆ ಬೆಂಚಿನ ಕೆಳಗೇ ಆಗಬೇಕು. ಇದ್ದೊಬ್ಬಳು ಮಗಳು. ಮುರುಗೆಪ್ಪನಿಗೆ ಅನ್ನ ಸೇರದಾಯಿತು. ಸೊಲ್ಲಾಪುರದಿಂದ ತರಿಸಿದ ಪಂಚಾಂಗ ತೆಗೆದ. ಗ್ರಹಣ ಹಿಡಿಯುವುದು ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಬಿಡುವುದು ಒಂದು ಗಂಟೆ ನಲವತ್ತಕ್ಕೆ ಎಂದಿತ್ತು. ಪಾಟಿಯ ಮೇಲೆ ಬರೆದು, ಎರಡಕ್ಕೂ ಒಂದು ಕೂಡಿಸಿ, ಹನ್ನೊಂದು ನಲವತ್ತಕ್ಕೆ ಹಿಡಿಯುತ್ತದೆ, ಎರಡು ನಲವತ್ತಕ್ಕೆ ಬಿಡುತ್ತದೆ ಎಂದು ಇಡೀ ವಾಡೆಗೆ ಓದಿ ಹೇಳಿದ. ಪಂತರೂ ತಲೆಯಾಡಿಸಿದರು.

ಅಮಾವಾಸ್ಯೆಯ ಬೆಳಗು ಪುಣೆಯ ಮೇಲೆ ಕಪ್ಪು ಕಂಬಳಿ ಹೊದಿಸಿದ ಹಾಗೆ ಮೋಡ. ಸೂರ್ಯ ಹುಟ್ಟಿದನೋ ಇಲ್ಲವೋ ಅದೂ ಗೊತ್ತಾಗದು. ಪಂತರು ಹಿಂದಿನ ರಾತ್ರಿಯಿಂದಲೇ ಉಪವಾಸವಿದ್ದು, ಗ್ರಹಣ ಹಿಡಿಯುವ ಸ್ನಾನಕ್ಕೆ ಹೊಳೆಗೆ ಹೋಗಬೇಕಿತ್ತು. ಇನ್ನೂ ಒಂದು ತಾಸಿಗಿಂತ ಹೆಚ್ಚು ಹೊತ್ತಿದೆಯೆಂದು ಮುರುಗೆಪ್ಪ ಗಡಿಯಾರ ತೋರಿಸಿದ ಮೇಲೆ ಸ್ವಲ್ಪ ಅಡ್ಡಾದರು. ಮುರುಗೆಪ್ಪನ ಮನೆಯಲ್ಲಿ, ಬಸುರಿ ಹಸಿದಿರಬಾರದು, ಗ್ರಹಣ ಹಿಡಿಯುವ ಮುಂಚೆ ಉಂಡು ಮುಗಿಸಬೇಕು ಎಂದು ಬಸವಣ್ಣೆವ್ವನ ಆಜ್ಞೆ. ಕಟ್ಟಿಗೆ ಹಸಿಯಾಗಿ ಒಲೆ ಹೊಗೆಯಾಡಿತು. ಹೋಳಿಗೆ ಬೇಯುವಷ್ಟರಲ್ಲಿ ಹನ್ನೊಂದಾಯಿತು. ಬಸವಣ್ಣೆವ್ವ ಚಡಪಡಿಸಿ, ಹೊತ್ತಾಯಿತು, ಊಟವೇ ಬೇಡ, ಹುಡುಗಿಗೊಂದು ಲೋಟ ಹಾಲು ಕೊಟ್ಟು ಬಾಗಿಲು ಹಾಕೋಣ ಎಂದಳು. ಅಲ್ಲಿಗೆ ಬಿಟ್ಟಿದ್ದರೆ ಮುರುಗೆಪ್ಪನ ಗಂಟೇನು ಹೋಗುತ್ತಿತ್ತು? ಆದರೆ ಗಡಿಯಾರ ಕೈಯಲ್ಲಿದ್ದವನ ನಾಲಗೆ ಸುಮ್ಮನಿರಬೇಕಲ್ಲ.

"ಇನ್ನೂ ಭರ್ತಿ ನಲವತ್ತು ನಿಮಿಷ ಅದ್ರಿ. ನಿಶ್ಚಿಂತ ಉಣ್ರಿ. ಈ ಗಡಿಯಾರ ಸುಳ್ಳು ಹೇಳೂದಿಲ್ಲ."

ಗಡಿಯಾರ ಸುಳ್ಳು ಹೇಳಲಿಲ್ಲ, ಪಾಪ. ಎಲ್ಲರೂ ಕೂತರು. ಪಾರವ್ವ ಎರಡು ತುತ್ತಿಗೇ ಸಾಕೆಂದು ಎದ್ದಳು. ಬಸವಣ್ಣೆವ್ವನಿಗೆ ಹೋಳಿಗೆಯ ಜೊತೆ ಪಚಡಿ ಇಲ್ಲದೆ ಊಟ ಇಳಿಯದು. ನಲವತ್ತು ನಿಮಿಷದ ಧೈರ್ಯದ ಮೇಲೆ, ಎರಡು ಸೌತಿಕಾಯಿ ಹೆಚ್ಚವ್ವಾ ತಂಗಿ, ಸುಮ್ಮನೆ ಕೂತರೆ ಕಾಲು ಬಾಯುತ್ತವೆ ಎಂದು ಸೊಸೆಗೆ ಹೇಳಿದಳು. ಪಾರವ್ವ ಮೂಲೆಯಲ್ಲಿ ಈಳಿಗೆ ಮಣೆಯ ಮೇಲೆ ಕೂತು ಹೆಚ್ಚತೊಡಗಿದಳು. ಹೊರಗೆ ಕತ್ತಲು ಇನ್ನಷ್ಟು ಕವಿಯಿತು. ಕಾಗೆಗಳು ಪಂತರ ಮಾಳಿಗೆಯ ಮೇಲೆ ಬಂದು ಮುದುರಿ ಕೂತವು. ಜೋರು ಮಳೆ ಬರುವಂತಿದೆ ಎನ್ನುತ್ತ ಗೌರಾಬಾಯಿ ದೀಪ ಹಚ್ಚಿ, ಉಪ್ಪಿನಕಾಯಿಯ ಭರಣಿ ತಂದು ಗಂಡನ ಮುಂದಿಟ್ಟಳು.

ಕಾರಕೂನರಿಗೆ ಕಣ್ಣೆದುರಿನ ಕಾಗದ ಓದದೆ ಇರಲಾಗುವುದಿಲ್ಲ. ಯುದ್ಧದ ದೆಸೆಯಿಂದ ಕಾಗದಕ್ಕೆ ಬರ ಬಂದ ದಿನಗಳು, ಗೌರಾಬಾಯಿ ಭರಣಿಯ ಬಾಯಿಗೆ ಯಾವುದೋ ಅಚ್ಚಿನ ಹಾಳೆ ಮುಚ್ಚಿ ದಾರ ಕಟ್ಟಿದ್ದಳು. ಎಣ್ಣೆ ಕುಡಿದ ಆ ಹಾಳೆಯನ್ನು ಮುರುಗೆಪ್ಪ ಹೋಳಿಗೆ ಅಗಿಯುತ್ತ ಓದಿದ. ಅದು ಅದೇ ಸೊಲ್ಲಾಪುರದ ಪಂಚಾಂಗದ ಕೊನೆಯ ಪುಟ. 'ವಾಚಕರಿಗೆ ವಿಜ್ಞಾಪನೆ. ಈ ಸಾಲಿನ ಪಂಚಾಂಗದಲ್ಲಿ ಎಲ್ಲ ವೇಳೆಗಳಿಗೂ ನಾವೇ ಒಂದು ತಾಸು ಕೂಡಿಸಿ, ಸರ್ಕಾರದ ಹೊಸ ವೇಳೆಯನ್ನೇ ಮುದ್ರಿಸಿರುತ್ತೇವೆ. ವಾಚಕರು ಮತ್ತೆ ಕೂಡಿಸಬಾರದು.'

ಮುರುಗೆಪ್ಪನ ದವಡೆ ನಿಂತಿತು. ಎಡಗೈಯಿಂದ ಗಡಿಯಾರ ತೆಗೆದು ನೋಡಿದ: ಹನ್ನೊಂದು ಹತ್ತು. ಅಂದರೆ ಗ್ರಹಣ ಹಿಡಿದು ಅರ್ಧ ತಾಸಾಗಿತ್ತು. ಅದು ಮಳೆಯ ಕತ್ತಲಲ್ಲ. ಮನೆಮಂದಿಯೆಲ್ಲ ಗ್ರಹಣದ ನಡುಹೊಟ್ಟೆಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದರು, ಮೂಲೆಯಲ್ಲಿ ಒಂಬತ್ತು ತುಂಬಿದ ಮಗಳು ಕಚಕಚನೆ ಸೌತೆಕಾಯಿ ಹೆಚ್ಚುತ್ತಿದ್ದಳು. ಬಾಯಲ್ಲಿದ್ದ ಹೋಳಿಗೆ ನುಂಗಿದರೆ ಪಾಪ, ಬೀಗಿತ್ತಿ ತಂದ ಬೇಳೆಯ ಹೋಳಿಗೆಯನ್ನು ಬೀಗಿತ್ತಿಯ ಎದುರಿಗೆ ಉಗುಳಿದರೆ ಮಹಾಪಾಪ. ಎರಡೂ ಕೆನ್ನೆ ಉಬ್ಬಿಸಿಕೊಂಡು ಆತ ಮಗಳತ್ತ ಕೈಮಾಡಿ ಊಂ ಊಂ ಎಂದ.

ಗಂಟಲಿಗೆ ಸಿಕ್ಕಿತೆಂದು ಗೌರಾಬಾಯಿ ಓಡಿ ಬಂದು ಬೆನ್ನಿಗೆ ಗುದ್ದಿದಳು. ಯಾರೋ ನೆನೆಸುತ್ತಿದ್ದಾರೆ, ನೀರು ಕುಡಿಸು ಎಂದು ಬಸವಣ್ಣೆವ್ವ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. ಮೂರನೆಯ ಗುದ್ದಿಗೆ ಹೋಳಿಗೆ ತಾನಾಗಿ ಒಳಗೆ ಹೋಯಿತು. ಪಾಪದ ಪ್ರಶ್ನೆ ಹಾಗೆ ತೀರಿತು.

"ಪಾರವ್ವಾ, ಈಳಗಿ ಬಿಡು," ಎಂದ ಮುರುಗೆಪ್ಪ. "ಕತ್ತಲಾಗ್ಯದ. ಬೆರಳ ಕೊಯ್ಕೋತಿ."

"ಇನ್ನೂ ಅರ್ಧ ತಾಸ ಅದ ಅಂತ ನೀವ ಹೇಳೀರಿ," ಎಂದಳು ಬಸವಣ್ಣೆವ್ವ. "ಹೆಚ್ಚವ್ವಾ ತಂಗಿ. ಸಣ್ಣಗ ಹೆಚ್ಚು."

ಈಗ ಏನು ಮಾಡಬೇಕು? ನಿಜ ಹೇಳಿದರೆ ಸಂಜೆಯ ಗಾಡಿ. ಹೇಳದಿದ್ದರೆ ಈಳಿಗೆ. ಮುರುಗೆಪ್ಪ ಎಂಜಲು ಕೈಯಲ್ಲೇ ಎದ್ದು, ದಾಪುಗಾಲು ಹಾಕಿ ಹೋಗಿ, ಮಗಳನ್ನು ತೋಳು ಹಿಡಿದು ಎಬ್ಬಿಸಿ, ತಾನೇ ಈಳಿಗೆ ಮಣೆ ಏರಿ ಕೂತು ಉಳಿದ ಸೌತೆಕಾಯಿ ಹೆಚ್ಚತೊಡಗಿದ. ಮೂವತ್ತು ವರ್ಷದ ಸಂಸಾರದಲ್ಲಿ ಕುಡಿಯುವ ನೀರನ್ನು ತಾನೇ ತುಂಬಿಕೊಳ್ಳದ ಗಂಡಸು, ಊಟದ ನಡುವೆ ಎದ್ದು, ಬೀಗಿತ್ತಿಯ ಎದುರಿಗೆ ಈಳಿಗೆಯ ಮೇಲೆ! ಗೌರಾಬಾಯಿ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಸವಣ್ಣೆವ್ವ ಎತ್ತಿದ ತುತ್ತು ಹಾಗೇ ಹಿಡಿದು, ಬೀಗರಿಗೆ ತಲೆಯಲ್ಲಿ ಮೊದಲಿಂದ ಹೀಗೋ ಈಚೆಗೆ ಹೀಗೋ ಎಂದು ಗೌರಾಬಾಯಿಯನ್ನು ಮೆಲ್ಲಗೆ ವಿಚಾರಿಸಿದಳು. ಗೌರಾಬಾಯಿ, ಗಡಿಯಾರ ಬಂದಂದಿನಿಂದ ಎಂದಳು.

ಮುರುಗೆಪ್ಪ ಯಾವ ಮಾತಿಗೂ ಕಿವಿಗೊಡದೆ ಮಗಳನ್ನು ಒಳಕೋಣೆಗೆ ನೂಕಿ, ಕಿಟಕಿಗೆ ಕಂಬಳಿ ತುರುಕಿ, ಎಲ್ಲರೂ ಈಗಲೇ ಒಳಗೆ ನಡೆಯಿರಿ ಎಂದು ಗೋಗರೆದ. ಯಾಕೆ ಎಂದರೆ ಮುಂಜಾಗ್ರತೆ ಎಂದ. ಬಸವಣ್ಣೆವ್ವ ಗಟ್ಟಿ ಹೆಂಗಸು. ಹನ್ನೊಂದು ನಲವತ್ತು ಎಂದರೆ ಹನ್ನೊಂದು ನಲವತ್ತು, ರೈಲ್ವೆಯವರ ಮಾತಿಗೂ ಒಂದು ಬೆಲೆ ಬೇಡವೇ ಎಂದು ನಾಲ್ಕನೆಯ ಹೋಳಿಗೆ ಮುಗಿಸಿ, ಅದೇ ಪಚಡಿ ಚಪ್ಪರಿಸಿ, ಮೊಸರನ್ನ ಉಂಡು, ಕೈತೊಳೆದು, ಸರಿಯಾಗಿ ಹನ್ನೊಂದೂ ಮೂವತ್ತೊಂಬತ್ತಕ್ಕೆ ಎದ್ದಳು. ಉಳಿದ ಅನ್ನದ ಮೇಲೆ ಗರಿಕೆ ಹಾಕಿ, ಸೊಸೆಯ ಪಕ್ಕದಲ್ಲಿ ಕೂತು ಬಾಗಿಲ ಅಗಳಿ ಹಾಕಿಸಿದಳು. ಇನ್ನು ಎರಡು ನಲವತ್ತರ ತನಕ ಯಾರೂ ಕೆಮ್ಮಬಾರದೆಂದೂ ಹೇಳಿದಳು.

ಮುರುಗೆಪ್ಪ ಹೊರಗೆ ಹೊಸ್ತಿಲ ಮೇಲೆ ಕೂತ. ಕೈಯಲ್ಲಿ ಭರಣಿಯ ಮೇಲಿನ ಹಾಳೆ. ಕಣ್ಣು ಮುಚ್ಚಿದರೆ ಸೀಳುತುಟಿಯ ಕೂಸು, ತೆರೆದರೆ ಹುಬ್ಬಳ್ಳಿ ಗಾಡಿ. ಆಗ ತಟ್ಟನೆ ನೆನಪಾದದ್ದು ಕೃಷ್ಣಾಜಿ ಪಂತರು. ಅವರಿಗಾದರೂ ಹೇಳೋಣವೆಂದು ಅಂಗಳಕ್ಕೆ ಓಡಿದ. ಪಂತರು ಮುರುಗೆಪ್ಪನ ಲೆಕ್ಕದಂತೆ ಮಡಿ ಪಂಚೆ ಹಿಡಿದು ಆಗಲೇ ಹೊಳೆಗೆ ಹೋಗಿದ್ದರು.

ಒಂದು ನಲವತ್ತಕ್ಕೆ, ಇನ್ನೇನು ಎಲ್ಲ ತಣ್ಣಗೆ ಕಳೆಯುತ್ತದೆ ಎನ್ನುವಾಗ, ಓಣಿಯಲ್ಲಿ ಕೂಗು ಎದ್ದಿತು. "ದೇ ದಾನ, ಸುಟೇ ಗಿರಾಣ!" ಗ್ರಹಣ ಬಿಟ್ಟಿತು, ದಾನ ಕೊಡಿರಿ ಎಂದು ಬಡಬಗ್ಗರು ಬಾಗಿಲು ಬಾಗಿಲಿಗೆ ಬಂದು ಕೇಳುವುದು ಪುಣೆಯ ಪದ್ಧತಿ. ಒಂದು ದನಿ ಹತ್ತಾಯಿತು, ಹತ್ತು ನೂರಾಯಿತು. ಒಳಗಿನಿಂದ ಬಸವಣ್ಣೆವ್ವ, ಇನ್ನೂ ಒಂದು ತಾಸಿರುವಾಗ ಇವರೇಕೆ ಕೂಗುತ್ತಾರೆ ಎಂದು ಕೇಳಿದಳು. ಅವರ ಹತ್ತಿರ ಗಡಿಯಾರ ಇಲ್ಲವಲ್ಲರೀ ಎಂದು ಮುರುಗೆಪ್ಪ ಬಾಯಿಗೆ ಬಂದದ್ದು ಹೇಳಿದ. ಮಾತು ಮುಗಿಯುವುದರೊಳಗೆ ಅಂಗಳದಲ್ಲಿ ಗುಡುಗಾಯಿತು.

ಪಂತರು. ಒದ್ದೆ ಪಂಚೆ ಮೈಗಂಟಿಕೊಂಡಿತ್ತು, ಕೈಯಲ್ಲಿ ತಾಮ್ರದ ತಂಬಿಗೆಯಿತ್ತು. ಹನ್ನೊಂದು ನಲವತ್ತಕ್ಕೆ ಹಿಡಿಯುವ ಸ್ನಾನಕ್ಕೆಂದು ಹೊಳೆಯ ಘಟ್ಟಕ್ಕೆ ಹೋದರೆ, ಊರಿನವರೆಲ್ಲ ಒಂದು ತಾಸು ಮೊದಲೇ ಮಿಂದು ಜಪದಲ್ಲಿ ಮುಳುಗಿದ್ದಾರಂತೆ. ಐವತ್ತು ವರ್ಷದಿಂದ ಊರಿಗೆ ವೇಳೆ ಹೇಳುವ ಮನೆತನದವರು ಕಡೆಗೆ ಬಂದರಲ್ಲ ಎಂದು ಘಟ್ಟಕ್ಕೆ ಘಟ್ಟವೇ ನಕ್ಕಿತಂತೆ. ಅಷ್ಟೇ ಆದರೆ ಸಹಿಸಬಹುದಿತ್ತು. ಗ್ರಹಣದಲ್ಲಿ ಕಣ್ಣು ಮುಚ್ಚಬಾರದು ಎಂದು ಶಾಸ್ತ್ರ, ತಾವು ಗ್ರಹಣ ಹಿಡಿದ ಮೇಲೆ ಅರ್ಧ ತಾಸು ಗೊರಕೆ ಹೊಡೆದಿದ್ದರಂತೆ. ಹತ್ತು ನಲವತ್ತಕ್ಕೆ ಹಿಡಿದು ಈಗಷ್ಟೇ ಬಿಟ್ಟ ಗ್ರಹಣಕ್ಕೆ ಒಂದು ತಾಸು ಕೂಡಿಸಿದ ಮಹಾಶಯ ಎಲ್ಲಿ ಎಂದು ಅವರು ಮರಾಠಿಯಲ್ಲಿ ಕೇಳಿದ್ದು ಮೂರು ವಾಡೆಗಳಿಗೆ ಕೇಳಿಸಿತು.

ಒಳಗಿನ ಅಗಳಿ ಸರಿಯಿತು. ಬಸವಣ್ಣೆವ್ವ ಹೊರಗೆ ಬಂದಳು. ಅವಳಿಗೆ ಮರಾಠಿ ಅಷ್ಟಕ್ಕಷ್ಟೇ, ಆದರೆ ಲೆಕ್ಕ ಬರುತ್ತಿತ್ತು. ಮುರುಗೆಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ನಂದ ತಪ್ಪರೀ," ಎಂದ. "ಕೂಡಸಬಾರದಿತ್ತು. ಆದ್ರ ಆಕಿನ್ನ ಗಾಡಿಯಾಗ ಕರಕೊಂಡು ಹೋಗಬ್ಯಾಡ್ರಿ. ಕಾಲಿಗೆ ಬೀಳತೀನಿ."

ಬಸವಣ್ಣೆವ್ವ ಹಾಳೆಯನ್ನು ಮುಟ್ಟಲಿಲ್ಲ. ಗ್ರಹಣ ಹಿಡಿದದ್ದು ಎಷ್ಟಕ್ಕೆ ಎಂದು ಕೇಳಿದಳು. ಹತ್ತು ನಲವತ್ತಕ್ಕೆ. ನಾವು ಉಣ್ಣಲು ಕೂತದ್ದು? ಹನ್ನೊಂದಕ್ಕೆ. ಏಳುವಾಗ? ಹನ್ನೊಂದೂ ಮೂವತ್ತೊಂಬತ್ತು. ಅವಳ ಬೆರಳು ಸೀರೆಯ ಮಡಿಕೆಯಲ್ಲಿ ಒಂದೊಂದಾಗಿ ಮಡಚಿದವು: ನಾಲ್ಕು ಹೋಳಿಗೆ, ಮೊಸರನ್ನ, ಪಚಡಿ. ಪಚಡಿಯ ಹತ್ತಿರ ಬಂದು ಬೆರಳು ನಿಂತಿತು. ಸೌತೆಕಾಯಿ ಹೆಚ್ಚು ಎಂದವರು ಯಾರು, ಸಣ್ಣಗೆ ಹೆಚ್ಚು ಎಂದವರು ಯಾರು ಎನ್ನುವುದು ಆ ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. ಬಾಗಿಲಲ್ಲಿ ಪಾರವ್ವ ತುಟಿಯ ಮೇಲೆ ಕೈಯಿಟ್ಟುಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಬಸವಣ್ಣೆವ್ವ ಆ ಹುಡುಗಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕೊರಳ ಲಿಂಗದ ಕರಡಿಗೆಯನ್ನು ಸರಿಮಾಡಿಕೊಂಡು, ಸೊಂಟಕ್ಕೆ ಕೈಯಿಟ್ಟು, ಮುರುಗೆಪ್ಪನ ಮೇಲೆ ತಿರುಗಿದಳು.

"ಅಲ್ರೀ ಬೀಗರ, ಲಿಂಗ ಕಟ್ಟಿದವರಿಗೆ ಎಲ್ಲೀ ಗ್ರಹಣಾರೀ? ಕೊರಳಾಗ ಶಿವನ್ನ ಇಟಗೊಂಡು, ತುಂಬಿದ ಬಸುರೀನ ಎರಡು ತಾಸ ಕತ್ತಲಿ ಕೋಣ್ಯಾಗ ಕೂಡಿಸೀರಲ್ಲ, ನಾಚಿಕಿ ಬರೂದಿಲ್ಲೇನು? ನಮ್ಮ ಹಿರ್ಯಾರು ಇದನ್ನ ಕಲಿಸ್ಯಾರೇನು ನಿಮಗ?"

ಮುರುಗೆಪ್ಪ, ಹಿರಿಯರ ಮಾತನ್ನು ಎಂಟು ದಿನದ ಹಿಂದೆ ಎತ್ತಿದವನು ತಾನೇ ಎಂದು ಹೇಳಲು ಹೊರಟಿದ್ದ, ಗೌರಾಬಾಯಿ ಹಿಂದಿನಿಂದ ಚಿವುಟಿದಳು. ಅಂದು ಸಂಜೆಯ ಗಾಡಿ ಪಾರವ್ವನನ್ನು ಬಿಟ್ಟೇ ಹೊರಟಿತು. ಮೂರು ದಿನ ಬಸವಣ್ಣೆವ್ವ ವಾಡೆಯ ಹೆಂಗಸರಿಗೆಲ್ಲ ಲಿಂಗವಂತರಿಗೆ ಸೂತಕವಿಲ್ಲ ಎನ್ನುವುದನ್ನು ಬಿಡಿಸಿ ಬಿಡಿಸಿ ಹೇಳಿದಳು. ಅಣ್ಣನ ಹೆಂಡತಿಯ ಬದನೆಕಾಯಿಯ ಕಥೆ ಮಾತ್ರ ಮತ್ತೆ ಅವಳ ಬಾಯಿಂದ ಬರಲಿಲ್ಲ.

ಹನ್ನೊಂದನೆಯ ದಿನ ಬೆಳಗಾಗುತ್ತಲೇ ಪಾರವ್ವ ಹೆತ್ತಳು. ಸೂಲಗಿತ್ತಿ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಳು. ಗಂಡೋ ಹೆಣ್ಣೋ ಎಂದು ಒಬ್ಬರಾದರೂ ಕೇಳಲಿಲ್ಲ. ಬಸವಣ್ಣೆವ್ವ ಕಸಿದುಕೊಂಡಂತೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದಳು. ಕಿರುಬೆರಳ ತುದಿಯಿಂದ ಮೇಲ್ದುಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ ನೋಡಿದಳು. ಮತ್ತೊಮ್ಮೆ ಸವರಿದಳು. ಕಿವಿ ಮಡಚಿ ನೋಡಿದಳು, ಕೈಬೆರಳು ಕಾಲ್ಬೆರಳು ಎಣಿಸಿದಳು. ಮುರುಗೆಪ್ಪ ಅವಳ ಬೆನ್ನ ಹಿಂದೆ ನಿಂತಿದ್ದ, ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಕೂಸು ಆ ತುಟಿ ಅಗಲಿಸಿ ವಾಡೆ ಹಾರಿಹೋಗುವಂತೆ ಅತ್ತಿತು. ಹೆಣ್ಣು ಕೂಸು, ಮೈಯೆಲ್ಲ ನೆಟ್ಟಗಿತ್ತು.

ಜೀವ ಮರಳಿ ಬಂದ ಮುರುಗೆಪ್ಪನಿಗೆ ನಾಲಗೆಯೂ ಮರಳಿ ಬಂತು. ಗ್ರಹಣ ನಮಗಿಲ್ಲ ಎಂದವರು ಅಷ್ಟೊತ್ತು ಏನು ನೋಡುತ್ತಿದ್ದಿರಿ ಎಂದು ಕೇಳಿದ. ಮೂಗು ಯಾರ ಹಾಗಿದೆ ಎಂದು ನೋಡಿದೆ ಎಂದಳು ಬಸವಣ್ಣೆವ್ವ, ಸೆರಗಿನಿಂದ ಕಣ್ಣೊರೆಸಿಕೊಂಡು.

ಹೊರಗಿನಿಂದ ಕೃಷ್ಣಾಜಿ ಪಂತರ ದನಿ ಬಂತು. ಸಿಟ್ಟು ಇಳಿದಿತ್ತು, ಬಿಸಿಲೂ ಬಿದ್ದಿತ್ತು. ಕೂಸಿನ ಜಾತಕ ತಾವೇ ಬರೆಯುವುದಾಗಿ ಹೇಳಿ, ಹುಟ್ಟಿದ ವೇಳೆ ಎಷ್ಟು ಎಂದು ಕೇಳಿದರು. ಮುರುಗೆಪ್ಪನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಹೆಂಡತಿ, ಬೀಗಿತ್ತಿ, ಸೂಲಗಿತ್ತಿ, ಬಾಣಂತಿ, ಎಲ್ಲರೂ ಆ ಕೈಯನ್ನೇ ನೋಡಿದರು. ಕೈ ಬರಿದಾಗಿ ಹೊರಗೆ ಬಂತು.

"ಹಾಲಿನವ ಬಂದು ಹ್ವಾದ ಮ್ಯಾಲ ಹುಟ್ಟಿತು, ಪಂತರ," ಎಂದ.

"ಅಷ್ಟ ಸಾಕು," ಎಂದಳು ಬಸವಣ್ಣೆವ್ವ. "ಅದಕ್ಕ ಮತ್ತ ಏನೂ ಕೂಡಸಬ್ಯಾಡ್ರಿ, ಬೀಗರ."